ಹುಬ್ಬಳ್ಳಿ ರಸ್ತೆ ಹಿಡಿಯುವ ಮುನ್ನ ಒಂದು ಇಸಿಜಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೀಜನ್ ಜೋರಾದಾಗ ಕೆಮ್ಮದವರೇ ಇಲ್ಲ. ಚೀಲ ಹೊರುವ ಹಮಾಲರಿಗಂತೂ ಮೆಣಸಿನಕಾಯಿ ಘಾಟು ದಿನನಿತ್ಯದ್ದು. ಹಾಗಾಗಿ ಎದೆ ಹಿಂಡಿ ಬೆವರು ಕಿತ್ತುಕೊಂಡರೂ ಮೊದಲು ಬೈಸಿಕೊಳ್ಳುವುದು ಘಾಟು, ಅದಲ್ಲದಿದ್ದರೆ ಸಂಜೆ ತಿಂದ ಗಿರಮಿಟ್, ಮಿರ್ಚಿ. ‘ಗ್ಯಾಸ್ ಆಗೇತಿ, ಒಂದ್ ಸೋಡಾ ಕುಡೀರಿ’ ಎನ್ನುವವರಿಗೂ ಬರವಿಲ್ಲ. ಹೀಗೆ ಕಳೆಯುವ ಹೊತ್ತನ್ನು ಅಳೆದವರಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ಅಧ್ಯಯನ ಅದು. ರಕ್ತನಾಳ ಪೂರ್ತಿ ಕಟ್ಟಿಕೊಳ್ಳುವ ಬಗೆಯ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ 300 ನಿಮಿಷ, ಅಂದರೆ ಐದು ತಾಸು ಕಳೆದಿತ್ತು.

ಆ ಐದು ತಾಸಿನಲ್ಲಿ ರಕ್ತ ಸಿಗದ ಹೃದಯದ ಸ್ನಾಯು ಸಾಯುತ್ತಲೇ ಹೋಗುತ್ತದೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕಟ್ಟಿದ ನಾಳ ತೆರೆಯಲು ದಾರಿ ಎರಡು: ಕ್ಯಾತ್ ಲ್ಯಾಬ್‌ನಲ್ಲಿ ಬಲೂನು ಹಾಕಿ ಸ್ಟೆಂಟ್ ಕೂರಿಸುವುದು, ಇಲ್ಲವೇ ಗಡ್ಡೆ ಕರಗಿಸುವ ಇಂಜೆಕ್ಷನ್. ತಡವಿಲ್ಲದೆ ಸಿಕ್ಕರೆ ಬಲೂನೇ ಮೇಲು. ನಮ್ಮ ಕಡೆ ಹೃದಯದ ತೊಂದರೆ ಎಂದೊಡನೆ ಬಹುತೇಕರು ಓಡುವುದು ಹುಬ್ಬಳ್ಳಿಗೋ ದಾವಣಗೆರೆಗೋ. ಹಾವೇರಿಯಿಂದ ಹುಬ್ಬಳ್ಳಿ 70 ಕಿ.ಮೀ.ಗೂ ಹೆಚ್ಚು, ರಾಣೆಬೆನ್ನೂರಿನಿಂದ ನೂರರ ಆಸುಪಾಸು. ಹೆದ್ದಾರಿ ಚೆನ್ನಾಗಿದೆ, ನಿಜ. ಆದರೆ ಗಾಡಿ ಹೊಂದಿಸುವುದು, ಅಡ್ಮಿಷನ್, ಲ್ಯಾಬ್ ತಂಡ ಬರುವುದು ಎಲ್ಲ ಸೇರಿದರೆ ಎರಡು ತಾಸು ಸುಲಭವಾಗಿ ದಾಟುತ್ತದೆ. ಇಸಿಜಿಯಲ್ಲಿ ರೋಗ ಗೊತ್ತಾದ 120 ನಿಮಿಷದೊಳಗೆ ಬಲೂನು ಹಾಕಲು ಆಗುವುದಿಲ್ಲವೆಂದರೆ ಇಂಜೆಕ್ಷನ್ ಮೊದಲು, ಪ್ರಯಾಣ ಆಮೇಲೆ ಎನ್ನುತ್ತವೆ ಹೃದ್ರೋಗ ತಜ್ಞರ ಮಾರ್ಗಸೂಚಿಗಳು.

ಇದು ಬಡವರಿಗೆಂದು ಮಾಡಿಕೊಂಡ ಹೊಂದಾಣಿಕೆಯಲ್ಲ. 2013ರ ‘ಸ್ಟ್ರೀಮ್’ ಪ್ರಯೋಗದಲ್ಲಿದ್ದ 1,892 ಮಂದಿಯೆಲ್ಲ ನೋವು ಶುರುವಾಗಿ ಮೂರು ತಾಸಿನೊಳಗೆ ಬಂದವರು, ಒಂದು ತಾಸಿನೊಳಗೆ ಬಲೂನು ಸಿಗದವರು. ಸಾವು, ಶಾಕ್, ಹೃದಯ ವೈಫಲ್ಯ, ಮರು ಆಘಾತ, ಎಲ್ಲ ಕೂಡಿಸಿ ನೋಡಿದಾಗ 30 ದಿನಗಳಲ್ಲಿ ಇಂಜೆಕ್ಷನ್ ಗುಂಪಿನಲ್ಲಿ ಶೇ 12.4, ನೇರ ಬಲೂನಿನ ಗುಂಪಿನಲ್ಲಿ ಶೇ 14.3. ಹೆಚ್ಚುಕಡಿಮೆ ಸಮ.

ಕರ್ನಾಟಕ ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ. ಬೇಕಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ.

ಇಸಿಜಿ ಅಂದರೆ ಇಷ್ಟೇ: ಅಂಗಿ ಬಿಚ್ಚಿ ಮಲಗಿಸಿ, ಎದೆಗೆ ಆರು, ಕೈಕಾಲಿಗೆ ನಾಲ್ಕು ತಂತಿ. ಗೆರೆ ಎಳೆದ ಕಾಗದದಲ್ಲಿ ಎಸ್‌ಟಿ ಎಂಬ ಭಾಗ ನೆಲ ಬಿಟ್ಟು ಮೇಲೆದ್ದಿದ್ದರೆ ಅದು ನಾಳ ಕಟ್ಟಿರುವ ಸೂಚನೆ. ಮೊದಲ ಹಾಳೆ ಸರಿಯಾಗಿದ್ದೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಸಲೇಬೇಕು. ಇನ್ನು ಇಂಜೆಕ್ಷನ್: ಟೆನೆಕ್ಟೆಪ್ಲೇಸ್ ಪುಡಿಯ ರೂಪದಲ್ಲಿರುತ್ತದೆ. ನೀರು ಬೆರೆಸಿ, ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಹತ್ತು ಸೆಕೆಂಡಿನೊಳಗೆ ನರಕ್ಕೆ. ಗ್ಲೂಕೋಸ್ ಹನಿ ಹೋಗುತ್ತಿರುವ ನಳಿಗೆಯಲ್ಲೇ ಕೊಟ್ಟರೆ ಔಷಧ ಒಡೆದು ಗಸಿಯಾಗುತ್ತದೆ, ಮೊದಲು ಸಲೈನ್‌ನಿಂದ ತೊಳೆಯಬೇಕು. ಸುಸ್ತು ಎಂದರೆ ಸಾಕು ಗ್ಲೂಕೋಸ್ ಬಾಟಲಿ ಏರಿಸಿ ಎಂದು ದುಂಬಾಲು ಬೀಳುವ ನಮ್ಮವರಿಗೆ ಇದು ಗೊತ್ತಿರಲಿ.

ಅಪಾಯವಿಲ್ಲವೆಂದಲ್ಲ. ಸ್ಟ್ರೀಮ್‌ನಲ್ಲಿ ಇಂಜೆಕ್ಷನ್ ಪಡೆದ ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. 60 ದಾಟಿದವರಿಗೆ ಅರ್ಧ ಡೋಸ್ ಕೊಟ್ಟು ನೋಡಿದ 2023ರ ‘ಸ್ಟ್ರೀಮ್-2’ನಲ್ಲೂ ಶೇ 1.5 ಮಂದಿಗೆ ಆಯಿತು. ಹಾಗೆ ರಕ್ತಸ್ರಾವವಾದ ಆರು ಜನರಲ್ಲಿ ಮೂವರ ವಿಷಯದಲ್ಲಿ ನಿಯಮ ತಪ್ಪಿತ್ತು: ರಕ್ತ ತೆಳುವಾಗಿಸುವ ಔಷಧ ಹೆಚ್ಚಾಗಿತ್ತು ಅಥವಾ ಬಿಪಿ ಹತೋಟಿಯಲ್ಲಿರಲಿಲ್ಲ. ಆದ್ದರಿಂದ ಹಿಂದೆ ಪಾರ್ಶ್ವವಾಯು ಹೊಡೆದಿದ್ದರೆ, ತಲೆಗೆ ಪೆಟ್ಟು, ಇತ್ತೀಚಿನ ಆಪರೇಷನ್, ಎಲ್ಲಾದರೂ ರಕ್ತ ಹೋಗುವುದು ಇದ್ದರೆ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ಜೀವಕ್ಕೇ ಮುಳುವು.

ಇಂಜೆಕ್ಷನ್ ಆದ ಒಂದೂವರೆ ತಾಸಿನೊಳಗೆ ಇನ್ನೊಂದು ಇಸಿಜಿ. ಎದ್ದ ಗೆರೆ ಅರ್ಧಕ್ಕಾದರೂ ಇಳಿದಿರಬೇಕು. ಸ್ಟ್ರೀಮ್‌ನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತುರ್ತು ಆ್ಯಂಜಿಯೋಗ್ರಾಮ್ ಬೇಕಾಯಿತು, ಉಳಿದವರಿಗೂ ಒಂದು ದಿನದೊಳಗೆ ಮಾಡಿದರು. ಹಾಗಾಗಿ ‘ಈಗ ಆರಾಮ ಅದೀನ್ರೀ’ ಎಂದು ಮನೆಗೆ ಹೊರಡುವ ಅಜ್ಜನನ್ನು ಒಪ್ಪಿಸಿಯಾದರೂ ಹುಬ್ಬಳ್ಳಿಗೋ ದಾವಣಗೆರೆಗೋ ಕರೆದೊಯ್ಯಬೇಕು.

ಆಮ್ಲಜನಕದ ಗಾಡಿಯೇ ಬೇಕೆಂದು ಕಾಯುತ್ತ ಕೂರುವುದು ಬೇಡ. ರಕ್ತದಲ್ಲಿ ಆಮ್ಲಜನಕ ಶೇ 90ಕ್ಕಿಂತ ಕೆಳಗಿಳಿಯದವರಿಗೆ ಅದರಿಂದ ಲಾಭವಿಲ್ಲವೆಂದು ಸ್ವೀಡನ್‌ನ 6,629 ಮಂದಿಯ ಪ್ರಯೋಗ 2017ರಲ್ಲೇ ತೋರಿಸಿದೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದೂ ಬೇಡ, 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ ಡಾಕ್ಟರನ್ನು ಫೋನಿನಲ್ಲಿ ಕೇಳಿ ಆಸ್ಪಿರಿನ್ 300 ಮಿಲಿಗ್ರಾಂ ಅಗಿಯಲು ಕೊಡಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಬೆವರು, ಏದುಸಿರು, ದವಡೆ ನೋವು ಇರಬಹುದು.

ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಇಸಿಜಿ ತೆಗೆಯುತ್ತಾರೆಯೇ, ಇಂಜೆಕ್ಷನ್ ದಾಸ್ತಾನು ಇದೆಯೇ ಎಂದು ಆರಾಮಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಮುಂದಿನ ಆಸ್ಪತ್ರೆಗೆ ಹೊರಡುವಾಗ ಮೊದಲ ಇಸಿಜಿ ಹಾಳೆ, ಇಂಜೆಕ್ಷನ್ ಕೊಟ್ಟ ಗಂಟೆ-ನಿಮಿಷ ಬರೆದ ಚೀಟಿ ಕೈಯಲ್ಲಿರಲಿ. ಆ್ಯಂಜಿಯೋಗ್ರಾಮ್ ಯಾವಾಗ ಮಾಡಬೇಕೆಂಬ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.