ಗದ್ದಲವಿಲ್ಲದ ರಜೆಗೆ ಸಗರನಾಡು

ರಜೆ ಹತ್ತಿರವಾಯಿತೆಂದರೆ ಬೆಂಗಳೂರಿನ ಮನೆಗಳಲ್ಲಿ ಚರ್ಚೆ ಆರಂಭವಾಗುತ್ತದೆ. ಮಕ್ಕಳಿಗೆ ಊಟಿ, ಯಜಮಾನರಿಗೆ ಮಡಿಕೇರಿ, ಅಜ್ಜಿಗೆ ಧರ್ಮಸ್ಥಳ. ಎಲ್ಲಿಗೆ ಹೋದರೂ ಎದುರಾಗುವವರು ನೆರೆಬೀದಿಯವರೇ! ನಗರದ ಸದ್ದಿನಿಂದ ತಪ್ಪಿಸಿಕೊಳ್ಳಲು ಹೊರಟವರು ಆ ಸದ್ದನ್ನೇ ಬುತ್ತಿ ಕಟ್ಟಿಕೊಂಡು ಹೋದಂತಾಗುತ್ತದೆ. ನಿಜವಾಗಿ ನೆಮ್ಮದಿಯನ್ನು ಬಯಸುವ ಸಂಸಾರವು ಈ ಸಲ ಕೃಷ್ಣಾ-ಭೀಮೆಯರ ನಡುವಣ ಸಗರನಾಡಿನತ್ತ ಕಣ್ಣು ಹಾಯಿಸಬಹುದು.

ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಯಾದಗಿರಿ. 2009ರ ಕೊನೆಯಲ್ಲಿ ಗುಲಬರ್ಗಾದಿಂದ ಬೇರ್ಪಟ್ಟ ಜಿಲ್ಲೆಯ ಕೇಂದ್ರವಿದು. ಬೆಟ್ಟದ ಮೇಲಿನ ಕೋಟೆಯನ್ನು ಬಿಸಿಲೇರುವ ಮುನ್ನವೇ ಹತ್ತಿಳಿದು, ಭೀಮೆಯನ್ನು ದಾಟಿದರೆ ಮುಂದೆ ಶಹಾಪುರ. ಅಲ್ಲಿಯ ಬೆಟ್ಟಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟ. ಕಡೆದ ಶಿಲ್ಪಿ ಮಾತ್ರ ಯಾರೂ ಇಲ್ಲ. ಸಮೀಪದ ವಿಭೂತಿಹಳ್ಳಿಯಲ್ಲಿ ಪ್ರಾಚೀನ ಕಾಲದ ಜನರು ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇರಿಸಿ ಹೋಗಿದ್ದಾರೆ. ಸೂರ್ಯನ ಗತಿಗೂ ಈ ಸಾಲುಗಳಿಗೂ ಸಂಬಂಧವಿರಬಹುದೆಂಬುದು ಸಂಶೋಧಕರ ಊಹೆ.

ಆದರೆ ನಾಲ್ಕು ದಿನ ತಂಗಲು ತಕ್ಕ ಊರು ಸುರಪುರವೇ. ಬಂಡೆಗಲ್ಲುಗಳ ನಡುವೆ ಏರಿಳಿಯುವ ಈ ಊರು ನಾಯಕ ಅರಸರ ರಾಜಧಾನಿ. ಗುಡ್ಡದ ಮೇಲಿರುವ ಟೇಲರ್ ಮಂಜಿಲ್ 1844ರಲ್ಲಿ ಕಟ್ಟಿದ ಬಂಗಲೆ. ಠಗ್ಗರ ಕಥೆ ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಮೆಡೋಸ್ ಟೇಲರ್ ಇಲ್ಲಿ ಕಂಪನಿ ಸರಕಾರದ ಅಧಿಕಾರಿಯಾಗಿದ್ದು, ಎಳೆಯ ಅರಸು ವೆಂಕಟಪ್ಪ ನಾಯಕನ ಪೋಷಣೆಯನ್ನು ನೋಡಿಕೊಂಡನು. ಬಾಲಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ. ಆ ಬಾಲಕನೇ ಬೆಳೆದು ಇಂಗ್ಲಿಷರ ವಿರುದ್ಧ ಕತ್ತಿ ಹಿರಿದನು. 1858ರ ಫೆಬ್ರುವರಿಯಲ್ಲಿ ಸುರಪುರ ಶತ್ರುವಶವಾಯಿತು. ಸೆರೆಸಿಕ್ಕ ರಾಜನನ್ನು ಸೆರೆಮನೆಯಲ್ಲಿ ಕಾಣಲು ಟೇಲರನೇ ಹೋದನು. ಮುಂದೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ತರುಣ ರಾಜ ಗುಂಡೇಟಿನಿಂದ ಮಡಿದನು. ಇದನ್ನು ತಿಳಿದು ಆ ಬಂಗಲೆಯ ಮುಂದೆ ನಿಂತವರಿಗೆ ಗೈಡು ಬೇಕಾಗದು.

ಸಂಜೆಗೆ ಬೋನಾಳದ ಕೆರೆಯುಂಟು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳನ್ನು ನೋಡುತ್ತ ಮಕ್ಕಳು ಮೊಬೈಲನ್ನು ಮರೆತರೆ ತಾಯಂದಿರು ಆಶ್ಚರ್ಯಪಡಬಾರದು. ಇನ್ನೊಂದು ದಿನ ದೇವರ ದಾಸಿಮಯ್ಯನ ಮುದನೂರಿಗೋ, ಕೃಷ್ಣೆಯ ದಡದಲ್ಲಿರುವ ತಿಂಥಣಿಯ ಮೌನೇಶ್ವರನ ಸನ್ನಿಧಿಗೋ ಹೋಗಿಬರಬಹುದು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹವಾನಿಯಂತ್ರಿತ ಕೋಣೆ, ಈಜುಕೊಳಗಳ ಆಸೆಯುಳ್ಳವರು ಮಡಿಕೇರಿಗೇ ಹೋಗುವುದು ಲೇಸು.

ಹೋಗುವ ಕಾಲವನ್ನು ಮಾತ್ರ ಎಚ್ಚರದಿಂದ ಆರಿಸಬೇಕು. ಬೇಸಿಗೆಯ ರಜೆ ಇಲ್ಲಿಗೆ ಹೇಳಿಸಿದ್ದಲ್ಲ, ಬಿಸಿಲು ಬೆಂಕಿಯಂತಿರುತ್ತದೆ. ಸಂಕ್ರಾಂತಿಗೆ ಮುಂಚೆ ಬರುವ ಎಳ್ಳಮಾವಾಸ್ಯೆಯೇ ಪ್ರಶಸ್ತ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿ ಭೂತಾಯಿಗೆ ಎಡೆಯಿಡುತ್ತಾರೆ. ಸಜ್ಜೆರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿದಾಗ ದಾರಿಹೋಕರನ್ನೂ 'ಬರ್ರೀ, ಊಟ ಮಾಡ್ರಿ' ಎಂದು ಕರೆಯುವರು. ಕರೆದಾಗ ಸಂಕೋಚಪಡದೆ ಕುಳಿತುಕೊಳ್ಳಬೇಕು.

ಸುಗ್ಗಿ ತೀರಿದ ಮೇಲೆ ಈ ಸೀಮೆಯ ಎಷ್ಟೋ ಹಳ್ಳಿಗಳು ಇನ್ನಷ್ಟು ನಿಶ್ಶಬ್ದವಾಗುತ್ತವೆ. ಆ ನಿಶ್ಶಬ್ದ ಬೇರೆ. ಮಳೆಯನ್ನೇ ನಂಬಿದ ಹೊಲದಲ್ಲಿ ಕೆಲಸ ಮುಗಿದಾಗ, ಕಾಲುವೆಯ ನೀರು ಕಾಣದ ಊರುಗಳ ಕುಟುಂಬಗಳು ಮನೆಗೆ ಬೀಗ ಹಾಕಿ ಗುಳೆ ಹೋಗುತ್ತವೆ. ಬಾಗಿಲಲ್ಲಿ ಕುಳಿತ ಮುದುಕಿಯೊಬ್ಬಳನ್ನು ಮಾತನಾಡಿಸಿದರೆ, ಮಗ-ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆಂದು ಹೇಳಬಹುದು; ಮೊಮ್ಮಕ್ಕಳನ್ನೂ ಕರೆದೊಯ್ದರೆಂದು ಸೇರಿಸಬಹುದು. ರಜೆ ಮುಗಿಸಿ ಹಿಂದಿರುಗುವವರ ರೈಲಿನಲ್ಲೇ, ಜನರಲ್ ಡಬ್ಬಿಯ ಬಾಗಿಲ ಬಳಿ, ಜೋಳದ ಹಿಟ್ಟಿನ ಗಂಟಿನ ಮೇಲೆ ತಲೆಯಿಟ್ಟು ಅಂಥದೇ ಒಂದು ಸಂಸಾರ ಮಲಗಿರುತ್ತದೆ.