ಒಂದೇ ಪೈಪಿನ ಬ್ರೇಕ್

1965ರ ಫೋರ್ಡ್ ಮಸ್ಟಾಂಗ್ ಕಾರಿನ ಬಾನೆಟ್ ಎತ್ತಿ ನೋಡಿದರೆ ಸ್ಟೀರಿಂಗ್ ಇರುವ ಕಡೆ, ಎಂಜಿನ್ನಿನ ಹಿಂದಿನ ತಗಡಿಗೆ ಎರಕದ ಕಬ್ಬಿಣದ ಸಣ್ಣ ಡಬ್ಬಿಯೊಂದನ್ನು ಬಿಗಿದಿರುತ್ತಾರೆ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಅದು. ಅಲ್ಲಿಂದ ಹೊರಟ ಒಂದೇ ಪೈಪು ಕೆಳಗಿನ ಹಿತ್ತಾಳೆಯ ಜೋಡಣೆಗೆ ಬಂದು, ಮುಂದಿನ ಎರಡು ಚಕ್ರಗಳಿಗೂ ಹಿಂಭಾಗಕ್ಕೂ ಕವಲಾಗುತ್ತದೆ. ನಾಲ್ಕೂ ಚಕ್ರಗಳಿಗೆ ಆಯಿಲ್ ಒಂದೇ, ಒತ್ತಡವೂ ಒಂದೇ. ಹಾಗಾಗಿ ಯಾವುದೋ ಒಂದು ರಬ್ಬರ್ ಹೋಸ್ ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಮಾರುಕಟ್ಟೆಗೆ ಬಂದ ಎರಡು ವರ್ಷದೊಳಗೆ ಹತ್ತು ಲಕ್ಷ ತಯಾರಾದ ಕಾರು ಇದು. 1967ರ ಮಾದರಿಗೆ ಫೋರ್ಡ್ ಎರಡು ಕೋಣೆಗಳ ಸಿಲಿಂಡರ್ ಹಾಕಿತು. 1968ರ ಜನವರಿ 1ರಿಂದ ಬ್ರೇಕನ್ನು ಹೀಗೆ ಎರಡು ಭಾಗ ಮಾಡುವುದನ್ನು ಅಮೆರಿಕದ ಸುರಕ್ಷತಾ ನಿಯಮವೇ ಕಡ್ಡಾಯ ಮಾಡಿತು. ಇಂಥ ಹಳೆಯ ಕಾರಿನ ಬ್ರೇಕ್ ರಿಪೇರಿಗೆ ಕೈ ಹಾಕುವವರು ಮೊದಲು ದುಡ್ಡು ಸುರಿಯಬೇಕಾದದ್ದು ಈ ಸಿಲಿಂಡರಿಗೆ, ಹೊಳೆಯುವ ಡಿಸ್ಕಿಗಲ್ಲ.

ಹಳೆಯ ಕಾರಿನ ಬೆಲೆ ಇರುವುದೇ ಅದರ ಅಸಲಿತನದಲ್ಲಿ, ಅದನ್ನೇಕೆ ಕೆಡಿಸಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. ಪ್ರದರ್ಶನಕ್ಕೆಂದು ಟ್ರೇಲರಿನಲ್ಲೇ ಹೋಗಿ ಬರುವ ಕಾರಾದರೆ ನನ್ನ ತಕರಾರಿಲ್ಲ. ಆದರೆ 1967ರ ಡ್ರಮ್ ಬ್ರೇಕಿನ ಸಿಲಿಂಡರ್ ಹಳೆಯ ಬೋಲ್ಟ್ ತೂತುಗಳಿಗೇ ಕೂರುತ್ತದೆ. ಎಲ್ಲೂ ಹೊಸದಾಗಿ ಕೊರೆಯಬೇಕಿಲ್ಲ. ಹಿಂದಿನ ಚಕ್ರಗಳಿಗೆ ಬೇರೆ ಪೈಪು ಎಳೆದು, ಒತ್ತುಕಡ್ಡಿಯ ಉದ್ದ ಸರಿಪಡಿಸಿದರೆ ಆಯಿತು. ಕಳಚಿದ ಭಾಗಗಳನ್ನು ಡಬ್ಬದಲ್ಲಿ ಜೋಪಾನ ಮಾಡಿದರೆ ಮುಂದೆ ಕಾರು ಕೊಳ್ಳುವವರು ಮರಳಿ ಜೋಡಿಸಿಕೊಳ್ಳಬಹುದು. ಇಷ್ಟು ವರ್ಷ ಓಡಿಲ್ಲವೇ ಎನ್ನುವವರೂ ಉಂಟು. ಆಗ ಓಡಿದ್ದು ಹೊಸ ರಬ್ಬರಿನ ಮೇಲೆ. ಡ್ಯಾಶಿನ ಕೆಳಗಿನ ಹಿಡಿ ಎಳೆದರೆ ಹ್ಯಾಂಡ್‌ಬ್ರೇಕ್ ಇದ್ದೇ ಇದೆಯಲ್ಲ ಎಂದರೆ, ಅದು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಿಂದಿನ ಚಕ್ರಗಳಿಗೆ ನೆಲದ ಹಿಡಿತವೇ ಕಡಿಮೆ.

ಹಾಳಾದ ಭಾಗವೊಂದನ್ನೇ ಬದಲಿಸಿದರೆ ಸಾಲದೇ? ಬ್ರೇಕಿನಲ್ಲಿ ಈ ಉಳಿತಾಯ ದುಬಾರಿ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಅದೇ ತೇವ ಚಕ್ರದ ಸಿಲಿಂಡರುಗಳ ಒಳಗೋಡೆಗೆ ತುಕ್ಕು ಹಿಡಿಸಿ ಗುಳಿ ತೋಡುತ್ತದೆ, ಆ ಗುಳಿಗಳು ರಬ್ಬರ್ ಕಪ್ಪನ್ನು ಕೆರೆಯುತ್ತವೆ. ಸೋರುವ ಹಳೆಯ ಮಾಸ್ಟರ್ ಸಿಲಿಂಡರ್ ಇರುವಷ್ಟು ದಿನ ಪೂರ್ತಿ ಒತ್ತಡ ಕಾಣದ ಈ ದುರ್ಬಲ ಕಪ್ಪುಗಳು, ಹೊಸದು ಬಂದ ಕೂಡಲೇ ಸೋರತೊಡಗುತ್ತವೆ. ಹೋಸಿನ ಕಥೆ ಇನ್ನೂ ಮೋಸದ್ದು. ಹೊರಗೆ ನೆಟ್ಟಗೆ ಕಂಡರೂ ಒಳಗೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಪೆಡಲ್ ತುಳಿದಾಗ ಆಯಿಲ್ ನುಗ್ಗಿ ಹೋಗುತ್ತದೆ, ಕಾಲು ತೆಗೆದರೆ ವಾಪಸು ಬರುವುದಿಲ್ಲ. ಚಕ್ರ ಹಿಡಿದುಕೊಂಡೇ ಉಳಿಯುತ್ತದೆ. ಆದ್ದರಿಂದ ಹೋಸುಗಳು, ಚಕ್ರದ ಸಿಲಿಂಡರುಗಳು, ತುಕ್ಕು ಹಿಡಿದ ಉಕ್ಕಿನ ಪೈಪುಗಳು ಎಲ್ಲ ಒಟ್ಟಿಗೇ ಬದಲಾಗಬೇಕು. ಬಗ್ಗಿಸಲು ಸುಲಭವೆಂದು ಬರೀ ತಾಮ್ರದ ಪೈಪು ಹಾಕುವುದು ತಪ್ಪು. ನಡುಕಕ್ಕೆ ಅದು ಗಡುಸಾಗಿ ಬಿರಿಯುತ್ತದೆ. ಹಳೆಯ ಲೈನಿಂಗಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು, ಅದನ್ನು ಗಾಳಿ ಹೊಡೆದು ಹಾರಿಸಲೇಬಾರದು.

ಡಿಸ್ಕ್ ಬ್ರೇಕ್ ಒಳ್ಳೆಯದಲ್ಲ ಎನ್ನುತ್ತಿಲ್ಲ. ಇಳಿಜಾರಿನಲ್ಲಿ ಮತ್ತೆಮತ್ತೆ ತುಳಿದು ಕಾದ ಡ್ರಮ್ಮಿಗಿಂತ ಅದರ ಹಿಡಿತ ಖಂಡಿತ ಮೇಲು. ಆದರೆ ಒಂದೇ ಪೈಪಿನ ವ್ಯವಸ್ಥೆಗೆ ಡಿಸ್ಕ್ ಕೂರಿಸಿದರೆ ಹೋಸ್ ಒಡೆದ ದಿನ ಅದೂ ನಿಷ್ಪ್ರಯೋಜಕ. ಮೇಲಾಗಿ ಡ್ರಮ್ಮಿಗಾಗಿ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವನ್ನು ಡಿಸ್ಕಿನ ದಾರಿಯಲ್ಲಿ ಹಾಗೇ ಬಿಟ್ಟರೆ ಪ್ಯಾಡುಗಳು ಸದಾ ಉಜ್ಜುತ್ತವೆ. ಎರಡು ಕೋಣೆಗಳ ಸಿಲಿಂಡರ್ ಕೂರಿಸಿದ ಮೇಲೆ ಅದರ ಪ್ರಯೋಜನವನ್ನು ಕಾರು ನಿಂತಲ್ಲೇ ಪರೀಕ್ಷಿಸಬಹುದು. ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಒಂದು ಚಕ್ರದ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ ಪೆಡಲ್ ಒತ್ತಿದರೆ ಅದು ಅರ್ಧಕ್ಕಿಂತ ಕೆಳಕ್ಕೆ ಕುಸಿಯಬಹುದು, ಆದರೂ ಮುಂದಿನ ಎರಡು ಚಕ್ರಗಳು ಕೈಯಿಂದ ತಿರುಗಿಸಲಾಗದಷ್ಟು ಬಿಗಿಯಾಗಿ ಹಿಡಿದಿರುತ್ತವೆ. ಆಮೇಲೆ ಸ್ಕ್ರೂ ಬಿಗಿದು, ಹಿಂಭಾಗದ ಗಾಳಿಯನ್ನು ಮತ್ತೊಮ್ಮೆ ತೆಗೆಯಬೇಕು.