ಶೀತಕ ಅನಿಲದ ಸೋರಿಕೆಯಿಂದ ದುರಸ್ತಿಗಾರರಿಗೆ ಆಗುವ ಗಾಯ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಬೆಳಗೋಡು ಸೇರಿದಂತೆ ಸಕಲೇಶಪುರ–ಆಲೂರು ಮಲೆನಾಡಿನಲ್ಲಿ ಏ.ಸಿ. ಇರುವ ಮನೆಗಳು ವಿರಳ. ಆದರೆ ಹೋಂಸ್ಟೇಯ ಏ.ಸಿ., ಅಂಗಡಿಯ ಫ್ರಿಜ್, ಡೇರಿಯ ಹಾಲು ಶೀತಲೀಕರಣ ಘಟಕ, ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಫ್ರಿಜ್ ಇವೆಲ್ಲವುಗಳ ಕೊಳವೆಗಳಲ್ಲಿಯೂ ಶೀತಕ ಅನಿಲವಿರುತ್ತದೆ. ದುರಸ್ತಿಯ ವೇಳೆ ಅದು ಸೋರಿದರೆ ಎರಡು ಬಗೆಯ ಗಾಯಗಳಾಗುತ್ತವೆ. ಎರಡಕ್ಕೂ ಉಪಚಾರ ಬೇರೆ ಬೇರೆ.

ಶೀತದ ಗಾಯ: ಒತ್ತಡದಲ್ಲಿರುವ ದ್ರವರೂಪದ ಶೀತಕವು ಹೊರಬಂದ ಕೂಡಲೇ ಕುದಿದು ಆವಿಯಾಗುತ್ತದೆ. ಆರ್-22 ಕುದಿಯುವುದು ಸೊನ್ನೆಗಿಂತ ಸುಮಾರು 41 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆರ್-32 ಸುಮಾರು 52 ಡಿಗ್ರಿ ಕೆಳಗೆ. ಅದು ತಾಗಿದ ಚರ್ಮ ಬಿಳಚಿ ಮರಗಟ್ಟುತ್ತದೆ. ಆರಂಭದಲ್ಲಿ ನೋವು ತಿಳಿಯದ ಕಾರಣ ಕೆಲಸಗಾರನು ಅದನ್ನು ಕಡೆಗಣಿಸುವ ಸಂಭವವಿದೆ. ಬೊಬ್ಬೆಗಳು ಏಳುವುದು ಅನಂತರ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಬೆಂಕಿಯ ಗಾಯ: ಹೊಸ ಫ್ರಿಜ್‌ಗಳಲ್ಲಿ ಬಳಸುವ ಆರ್-600ಎ ಹಾಗೂ ಕೆಲವು ಏ.ಸಿ.ಗಳ ಆರ್-290 ಅಡುಗೆ ಅನಿಲದಂತೆಯೇ ಹೊತ್ತಿಕೊಳ್ಳುತ್ತವೆ. ಆರ್-32 ಸಹ ಉರಿಯಬಲ್ಲದು. ಅನಿಲ ಉಳಿದಿರುವ ಕೊಳವೆಗೆ ಬೆಸುಗೆ ಹಾಕಿದಾಗ ಜ್ವಾಲೆ ಮುಖಕ್ಕೆ ಚಿಮ್ಮಬಹುದು. ಆರ್-22 ಸುಲಭವಾಗಿ ಉರಿಯದಿದ್ದರೂ ಬೆಸುಗೆಯ ಜ್ವಾಲೆಗೆ ಸಿಕ್ಕಾಗ ವಿಷಾನಿಲವಾಗುತ್ತದೆ.

ಪ್ರಥಮ ಚಿಕಿತ್ಸೆ: ಶೀತದ ಗಾಯವಾದ ಭಾಗವನ್ನು 37ರಿಂದ 40 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು. ಉಜ್ಜಬಾರದು. ಮಲೆನಾಡಿನ ವಾಡಿಕೆಯಂತೆ ಒಲೆಯ ಮುಂದೆ ಕೈ ಕಾಯಿಸಲೇಬಾರದು. ಮರಗಟ್ಟಿದ ಕೈಗೆ ಬಿಸಿ ತಿಳಿಯದೆ ಮತ್ತೆ ಸುಡುತ್ತದೆ. ಬೆಂಕಿಯ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಎಣ್ಣೆ, ಟೂತ್‌ಪೇಸ್ಟ್ ಹಚ್ಚಬಾರದು. ಕಣ್ಣಿಗೆ ಶೀತಕ ಸಿಡಿದಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ಗಾಯ ಯಾವುದೇ ಇರಲಿ, ವಿಳಂಬವಿಲ್ಲದೆ 108ಕ್ಕೆ ಕರೆ ಮಾಡತಕ್ಕದ್ದು.

ಪಂಚಾಯಿತಿ ವಹಿಸಬಹುದಾದ ಕ್ರಮಗಳು:

1. ಪಂಚಾಯಿತಿಯ ಕಟ್ಟಡಗಳಲ್ಲಿ ದುರಸ್ತಿಗೆ ನೀಡುವ ಕಾರ್ಯಾದೇಶದಲ್ಲಿ ಕೈಗವಸು ಮತ್ತು ಸುರಕ್ಷತಾ ಕನ್ನಡಕದ ಬಳಕೆ, ಬೆಸುಗೆಗೆ ಮುನ್ನ ಅನಿಲವನ್ನು ಪೂರ್ಣವಾಗಿ ತೆಗೆಯುವುದು ಹಾಗೂ ಬಾಗಿಲು, ಕಿಟಕಿ ತೆರೆದಿಡುವುದು, ಈ ಷರತ್ತುಗಳನ್ನು ಸೇರಿಸುವುದು.

2. ದೂರದ ತೋಟದ ಹೋಂಸ್ಟೇಗಳಲ್ಲಿ ದುರಸ್ತಿಗಾರನೊಬ್ಬನನ್ನೇ ಬಿಡದೆ ಜೊತೆಗೊಬ್ಬರು ಇರುವಂತೆ ಮಾಲೀಕರಿಗೆ ತಿಳಿಸುವುದು.

3. ಸ್ವಂತವಾಗಿ ದುಡಿಯುವ ದುರಸ್ತಿಗಾರನ ಗಾಯಕ್ಕೆ ಪರಿಹಾರ ನೀಡಲು ಮಾಲೀಕನೆಂಬುವವನಿರುವುದಿಲ್ಲ. ಅಂಥವರನ್ನು ಗುರುತಿಸಿ, ಇ-ಶ್ರಮ್ ನೋಂದಣಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಿಸುವುದು. ವರ್ಷಕ್ಕೆ 20 ರೂಪಾಯಿ ಕಂತಿನ ಈ ವಿಮೆಯಲ್ಲಿ ಅಪಘಾತದಿಂದ ಒಂದು ಕಣ್ಣಿನ ದೃಷ್ಟಿ ಸಂಪೂರ್ಣವಾಗಿ ಹೋದರೆ 1 ಲಕ್ಷ ರೂಪಾಯಿ, ಮರಣ ಸಂಭವಿಸಿದರೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಆಸ್ಪತ್ರೆಯ ವೆಚ್ಚ ಇದರಲ್ಲಿ ಸೇರುವುದಿಲ್ಲ.

ಸದಸ್ಯರು ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ತಮ್ಮ ವಾರ್ಡಿನ ದುರಸ್ತಿಗಾರರಿಗೂ ಹೋಂಸ್ಟೇ ಮಾಲೀಕರಿಗೂ ತಿಳಿಸುವುದು.